ಬರ್ಲಿನ್ನೋ ವಿಯೆನ್ನಾನೋ? ಬೆಳೆದ ಮಕ್ಕಳ ಜೊತೆ ಮೂರು ರಾತ್ರಿಯ ಪ್ರವಾಸ

ಮ್ಯೂನಿಕ್‌ನಲ್ಲಿರುವ ನಮಗೆ ಎರಡೂ ಊರು ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಜೂನ್ ರಜೆಯಲ್ಲಿ ಬರ್ಲಿನ್‌ಗೆ, ನವೆಂಬರ್ ಮೊದಲ ವಾರದ ರಜೆಯಲ್ಲಿ ವಿಯೆನ್ನಾಕ್ಕೆ ಹೋಗಿಬಂದೆವು. ಎರಡು ಸಲವೂ ಮೂರೇ ರಾತ್ರಿ, ಅದೇ ನಾಲ್ಕು ಜನ: ನಾನು, ನಮ್ಮವರು, 16ರ ಮಗ, 13ರ ಮಗಳು. ಬಂದ ಮೇಲೆ ಇಲ್ಲಿನ ಕನ್ನಡದ ಗೆಳತಿಯರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಎರಡರಲ್ಲಿ ಯಾವುದಕ್ಕೆ ಹೋಗೋಣ?

ಮಕ್ಕಳು ಚಿಕ್ಕವರಿದ್ದಾಗ ಕೈ ಹಿಡಿದು ಎಲ್ಲಿಗೆ ಕರೆದರೂ ಬರುತ್ತಿದ್ದರು. ಈಗ ಹಾಗಿಲ್ಲ. ಬೆಳಿಗ್ಗೆ ಏಳುವುದೇ ಹತ್ತಕ್ಕೆ, ಅರ್ಧ ಗಂಟೆಗೊಮ್ಮೆ ಫೋನು. ಹಾಗಾಗಿ ನಾನು ಊರನ್ನು ಅಳೆದದ್ದು ಒಂದೇ ಅಳತೆಯಲ್ಲಿ: ಅಲ್ಲಿ ಮಕ್ಕಳು ತಾವಾಗಿ ಬಾಯಿ ತೆರೆದು ಏನಾದರೂ ಕೇಳಿದರೇ?

ಬರ್ಲಿನ್‌ನಲ್ಲಿ ಕೇಳಿದರು. ಮೊದಲ ದಿನವೇ, ಬರ್ನಾವರ್ ಸ್ಟ್ರಾಸೆಯಲ್ಲಿ. ಬರ್ಲಿನ್ ಗೋಡೆಯ ನೆನಪಿಗೆ ಉಳಿಸಿಕೊಂಡಿರುವ ಈ ರಸ್ತೆಯಲ್ಲಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೂ ಬಯಲಲ್ಲೇ ಪ್ರದರ್ಶನವಿದೆ, ಟಿಕೆಟ್ಟಿಲ್ಲ. ಗೋಡೆ ಉಳಿಯದ ಕಡೆ ತುಕ್ಕು ಬಣ್ಣದ ಕಬ್ಬಿಣದ ಸರಳುಗಳನ್ನು ಸಾಲಾಗಿ ನೆಟ್ಟಿದ್ದಾರೆ, ನಡುವೆ ತೂರಿಕೊಂಡು ಆಚೆ ಹೋಗಬಹುದು. 1961ರ ಆಗಸ್ಟ್ 13ರಂದು ಊರನ್ನು ಇಬ್ಭಾಗ ಮಾಡಿದಾಗ ಇಲ್ಲಿಯ ಮನೆಗಳು ಪೂರ್ವ ಬರ್ಲಿನ್‌ಗೆ ಸೇರಿದ್ದವು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಬಾಗಿಲು ಮುಚ್ಚಿಸಿದ ಮೇಲೆ ಜನ ಕಿಟಕಿಯಿಂದ ಹಾರಿದರು. ಇಡಾ ಝೀಕ್‌ಮನ್ ಎಂಬ ಹೆಂಗಸು ಆಗಸ್ಟ್ 22ರಂದು ಮೂರನೇ ಮಹಡಿಯಿಂದ ಮೊದಲು ಹಾಸಿಗೆಯನ್ನು ಕೆಳಗೆಸೆದು, ಆಮೇಲೆ ತಾನು ಹಾರಿ, ಪ್ರಾಣ ಬಿಟ್ಟಳು. ಮಾರನೆಯ ದಿನ ಆಕೆಗೆ 59 ತುಂಬಬೇಕಿತ್ತು.

ಗೋಡೆಯಿಂದಾಗಿ ಪ್ರಾಣ ಕಳೆದುಕೊಂಡವರ ಫೋಟೊಗಳನ್ನು ಅಲ್ಲೇ ಒಂದೊಂದು ಗೂಡಿನಲ್ಲಿಟ್ಟ ಸಾಲೊಂದಿದೆ. ಮಗಳು ಒಂದೊಂದನ್ನೂ ನೋಡುತ್ತ ಹೋದಳು, ಪುಟ್ಟ ಮಕ್ಕಳ ಮುಖ ಕಂಡ ಕಡೆ ನಿಂತುಬಿಟ್ಟಳು. ಮಗ ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಿ, ವಾಪಸ್ ಬಂದು, "ಅಮ್ಮಾ, ಅರ್ಧ ನಿಮಿಷಾನೂ ಆಗಲ್ಲ. ಇಷ್ಟಕ್ಕೆ ಸುರಂಗ ತೋಡಿದ್ರಾ?" ಅಂದ. 1964ರ ಅಕ್ಟೋಬರ್‌ನಲ್ಲಿ ಇಲ್ಲಿ ತೋಡಿದ್ದ ಒಂದು ಸುರಂಗದಲ್ಲಿ 57 ಜನ ಪಾರಾಗಿದ್ದರು. ಅದು ಹೋದ ದಾರಿಯನ್ನು ನೆಲದ ಮೇಲೆ ಗುರುತು ಮಾಡಿದ್ದಾರೆ. ಆ ಗುರುತಿನ ಮೇಲೆ ಹೆಜ್ಜೆಯಿಟ್ಟು ಮೂರು ಸಲ ನಡೆದ. ಶಾಲೆಯ ಇತಿಹಾಸದ ಪುಸ್ತಕ ಮಾಡದ ಕೆಲಸವನ್ನು ಆ ರಸ್ತೆ ಒಂದು ಗಂಟೆಯಲ್ಲಿ ಮಾಡಿತು.

ಸಾಧ್ಯವಾದರೆ ಇಲ್ಲಿಗೆ ಭಾನುವಾರವೇ ಹೋಗಿ. ರಸ್ತೆಯ ತುದಿಯಲ್ಲಿರುವ ಮಾವರ್‌ಪಾರ್ಕ್‌ನಲ್ಲಿ ಅವತ್ತು ಹಳೆ ಸಾಮಾನಿನ ಸಂತೆ ನೆರೆದಿರುತ್ತದೆ. ಭಾರವಾದ ಮನಸ್ಸಿನ ಮಕ್ಕಳಿಗೆ ಹಳೆಯ ಜಾಕೆಟ್ಟು, ಗ್ರಾಮಫೋನ್ ತಟ್ಟೆ, ಗದ್ದಲ ಎಲ್ಲ ಬೇಕಾಗಿತ್ತು.

ಎರಡನೆಯ ದಿನದ ಟೆಂಪಲ್‌ಹೋಫ್ ಇನ್ನೂ ಚೆನ್ನಾಗಿತ್ತು. ಅದು 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ, 2010ರಿಂದ ಸಾರ್ವಜನಿಕ ಮೈದಾನ. ಬಾಡಿಗೆ ಸೈಕಲ್ ತಗೊಂಡು ವಿಮಾನ ಓಡುತ್ತಿದ್ದ ರನ್‌ವೇ ಮೇಲೇ ಬಿಟ್ಟೆವು. ಎದುರುಗಾಳಿಗೆ ನನ್ನ ಕಾಲು ಸೋತಿತು, ಮಕ್ಕಳು ಮಾತ್ರ ಇಳಿಯಲೇ ಇಲ್ಲ. 1948ರಲ್ಲಿ ಪಶ್ಚಿಮ ಬರ್ಲಿನ್‌ಗೆ ದಾರಿಗಳೆಲ್ಲ ಬಂದ್ ಆದಾಗ ಕಲ್ಲಿದ್ದಲು, ಹಿಟ್ಟು ಎಲ್ಲ ಬಂದಿಳಿದ ಜಾಗಗಳಲ್ಲಿ ಇದೂ ಒಂದು. ಗೇಲ್ ಹಾಲ್ವರ್ಸನ್ ಎಂಬ ಅಮೆರಿಕದ ಪೈಲಟ್ ಕರ್ಚೀಫಿನ ಪ್ಯಾರಾಷೂಟ್ ಕಟ್ಟಿ ಮಕ್ಕಳಿಗೆ ಮಿಠಾಯಿ ಉದುರಿಸುತ್ತಿದ್ದ ಕಥೆಯನ್ನು ನಮ್ಮವರು ಅಲ್ಲೇ ಹುಲ್ಲಿನ ಮೇಲೆ ಕೂತು ಹೇಳಿದರು.

ಜರ್ಮನಿಯ ಸಂಸತ್ ಭವನ ರೈಕ್‌ಸ್ಟಾಗ್‌ನ ಗಾಜಿನ ಗುಮ್ಮಟವೂ ಉಚಿತ. ಆದರೆ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ ಕೊಟ್ಟು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು, ಪಾಸ್‌ಪೋರ್ಟ್ ಮರೆಯಬೇಡಿ.

ಇನ್ನು ವಿಯೆನ್ನಾ. ಊರು ಅಚ್ಚುಕಟ್ಟು, ಟ್ರಾಮ್ ಸಲೀಸು, ನಲ್ಲಿಯಲ್ಲಿ ಆಲ್ಪ್ಸ್ ಬೆಟ್ಟದ ನೀರು. ಕತ್ತಲಾದ ಮೇಲೂ ಇಬ್ಬರನ್ನೇ ಎರಡು ಗಂಟೆ ಅಂಗಡಿ ಬೀದಿಗೆ ಕಳಿಸಿದೆ, ಎದೆ ಹೊಡೆದುಕೊಳ್ಳಲಿಲ್ಲ. ಬರ್ಲಿನ್‌ನಲ್ಲಿ ಹಗಲಲ್ಲೇ ಹತ್ತು ಸಲ ಫೋನ್ ಮಾಡಿದ್ದೆ. ಈ ಒಂದು ವಿಷಯದಲ್ಲಿ ವಿಯೆನ್ನಾ ಎಷ್ಟೋ ಮುಂದು.

ನಾವು ತಪ್ಪು ಮಾಡಿದ್ದು ಶೋನ್‌ಬ್ರುನ್ ಅರಮನೆಯಲ್ಲಿ. ಅಷ್ಟು ದೂರ ಬಂದಿದ್ದೀವಲ್ಲ ಅಂತ ಉದ್ದದ ಸುತ್ತಿನ ಟಿಕೆಟ್ಟೇ ತಗೊಂಡೆವು. ಕೋಣೆ ಆದಮೇಲೆ ಕೋಣೆ, ಬಂಗಾರದ ಅಂಚು, ಗೊಂಚಲು ದೀಪ. ಅರ್ಧ ಮುಗಿಯುವಷ್ಟರಲ್ಲಿ ಮಗನ ಮುಖ ಕಲ್ಲಾಗಿತ್ತು. ಅರಮನೆಯಲ್ಲಿ ಒಟ್ಟು 1441 ಕೋಣೆಗಳಿವೆಯಂತೆ. ಮಕ್ಕಳ ಜೊತೆ ಹೋಗುವವರು ಗಿಡ್ಡ ಸುತ್ತು ಮುಗಿಸಿ ಹಿಂದಿನ ತೋಟಕ್ಕೆ ನಡೆಯಿರಿ. ತೋಟಕ್ಕೆ ದುಡ್ಡಿಲ್ಲ, ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪದಿಂದ ಇಡೀ ಊರು ಕಾಣುತ್ತದೆ.

ವಿಯೆನ್ನಾದ ಮಾನ ಉಳಿಸಿದ್ದು ಕಲಾ ಇತಿಹಾಸ ಮ್ಯೂಸಿಯಂ. 19 ತುಂಬದವರಿಗೆ ಪ್ರವೇಶ ಉಚಿತ, ಹಾಗಾಗಿ ಮುಕ್ಕಾಲು ಗಂಟೆಗೇ ಹೊರಟರೂ ದುಡ್ಡು ದಂಡವಾಯಿತಲ್ಲ ಅನ್ನಿಸುವುದಿಲ್ಲ. ನಾವು ನೇರ ಚಿತ್ರಕಾರ ಬ್ರೂಗೆಲ್‌ನ ಕೋಣೆಗೆ ಹೋದೆವು. ಅಲ್ಲಿ 1560ರಲ್ಲಿ ಬರೆದ 'ಮಕ್ಕಳ ಆಟಗಳು' ಚಿತ್ರವಿದೆ: ಒಂದು ಊರಿನ ಚೌಕದ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಆಟ. ಗಾಲಿ ಹೊಡೆಯುವವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ಮರಗಾಲು ಕಟ್ಟಿ ನಡೆಯುವವರು, ಬಗ್ಗಿದವರ ಬೆನ್ನ ಮೇಲೆ ಹಾರುವವರು. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಹೆಂಗಸರು ನೆಲದಲ್ಲಿ ಕೂತು ಪುಟ್ಟ ಮೂಳೆಗಳನ್ನು ಹರಡಿಕೊಂಡು ಆಡುತ್ತಿದ್ದಾರೆ. ಮಗಳು ಅದನ್ನೇ ನೋಡುತ್ತಿದ್ದು, "ಅಮ್ಮಾ, ಅಜ್ಜಿ ಹೇಳಿಕೊಟ್ಟ ಕಲ್ಲಾಟ ಅಲ್ವಾ ಇದು!" ಅಂತ ಜೋರಾಗಿ ಕೂಗಿದಳು. ಹಾಸನದ ಮನೆ ಜಗಲಿಯಲ್ಲಿ ಅವಳಜ್ಜಿ ಐದು ಕಲ್ಲು ಹಿಡಿದು ಕಲಿಸಿದ ಆಟ. ಆಮೇಲೆ ಇಬ್ಬರೂ ಸೇರಿ ಗೊತ್ತಿರುವ ಆಟ ಎಷ್ಟು ಸಿಗುತ್ತವೆ ಎಂದು ಎಣಿಸತೊಡಗಿದರು. ನಲವತ್ತು ನಿಮಿಷ ಫೋನು ಜೇಬಿನಿಂದ ಹೊರಬರಲಿಲ್ಲ. ಮೂರು ದಿನದ ವಿಯೆನ್ನಾದಲ್ಲಿ ನಾನು ಕಾಪಿಟ್ಟುಕೊಂಡಿರುವುದು ಈ ನಲವತ್ತು ನಿಮಿಷವನ್ನೇ.

ಬೆಲ್ವೆಡೆರೆ ಅರಮನೆಯ ಮ್ಯೂಸಿಯಂನಲ್ಲಿ ಚಿತ್ರಕಾರ ಕ್ಲಿಮ್ಟ್‌ನ 'ಮುತ್ತು' ಚಿತ್ರದ ಮುಂದೆ ವಿಪರೀತ ಜನ. ಪ್ರಾಟರ್ ಪಾರ್ಕಿನ 1897ರ ಹಳೆ ಜಯಂಟ್ ವೀಲ್ ಒಂದು ಸಂಜೆಗೆ ಸಾಕು.

ಊಟದಲ್ಲಿ ಸಸ್ಯಾಹಾರಿಗಳಿಗೆ ಬರ್ಲಿನ್ ಸುಲಭ. ಬೀದಿ ಬೀದಿಯಲ್ಲಿ ಕಡಲೆ ವಡೆಯಂಥ ಫಲಾಫೆಲ್, ಹಲ್ಲೂಮಿ ಚೀಸ್ ರೋಲ್, ಬೇಕೆಂದಾಗ ನಿಂತಲ್ಲೇ ಊಟ. ವಿಯೆನ್ನಾದಲ್ಲಿ ಕೇಳಿ ತಿನ್ನಿ. ಫ್ರಿಟಾಟೆನ್‌ಸುಪ್ಪೆ ಎಂಬ ಸೂಪಿನಲ್ಲಿ ತೇಲುವುದು ಬರೀ ದೋಸೆಯಂಥ ಎಳೆಗಳು, ಆದರೆ ಸಾರು ದನದ ಮಾಂಸದ್ದು. ಮೊಟ್ಟೆ ತಿನ್ನುವವರಾದರೆ ಕೈಸರ್‌ಶ್ಮಾರನ್ ಬಿಡಬೇಡಿ: ದಪ್ಪ ಸಿಹಿ ದೋಸೆಯನ್ನು ಹರಿದು, ಮೇಲೆ ಸಕ್ಕರೆ ಪುಡಿ ಉದುರಿಸಿ, ಬೇಯಿಸಿದ ಪ್ಲಮ್ ಜೊತೆ ಕೊಡುತ್ತಾರೆ. ನಮ್ಮ ಮಕ್ಕಳು ಎರಡು ದಿನ ಅದನ್ನೇ ಊಟ ಮಾಡಿದರು.

ಖರ್ಚಿನಲ್ಲೂ ನಮಗೆ ಬರ್ಲಿನ್ನೇ ಹಗುರ. ಜರ್ಮನಿಯೊಳಗಿನ ದೂರದ ರೈಲಿನಲ್ಲಿ 14 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿ ಜೊತೆ ಪ್ರಯಾಣ ಉಚಿತ. ಬುಕ್ ಮಾಡುವಾಗಲೇ ಮಗುವನ್ನೂ ಸೇರಿಸಿಬಿಡಿ. ಬರ್ಲಿನ್‌ನ ಮೆಟ್ರೊ, ಟ್ರಾಮ್, ಬಸ್ಸಿಗೆಲ್ಲ ಇಡೀ ಜರ್ಮನಿಯ ಸ್ಥಳೀಯ ಓಡಾಟಕ್ಕೆ ನಡೆಯುವ ನಮ್ಮ ತಿಂಗಳ ಪಾಸು ಡಾಯ್ಚ್‌ಲಾಂಡ್‌ಟಿಕೆಟ್ಟೇ ನಡೆಯಿತು. ವಿಯೆನ್ನಾದಲ್ಲಿ ಓಡಾಟಕ್ಕೆ ಬೇರೆ ಪಾಸ್ ಕೊಳ್ಳಬೇಕಾಯಿತು.

ಒಂದೇ ಊರು ಆರಿಸಿ ಅಂದರೆ, ಮಕ್ಕಳಿಗೆ 14 ದಾಟಿದ್ದರೆ ಬರ್ಲಿನ್ ಅನ್ನುತ್ತೇನೆ, ಎರಡನೇ ಮಾತಿಲ್ಲ. ಆದರೆ ಬರ್ಲಿನ್‌ನ ಒಳ್ಳೆಯದೆಲ್ಲ ಬಯಲಲ್ಲಿದೆ. ಮಳೆ, ಚಳಿಯಲ್ಲಿ ಆ ರಸ್ತೆ, ಆ ರನ್‌ವೇ ಎರಡೂ ಆಗದ ಮಾತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಿ. ನವೆಂಬರ್‌ನಿಂದ ಆಚೆಗಿನ ರಜೆಯಾದರೆ ವಿಯೆನ್ನಾಕ್ಕೆ ಟಿಕೆಟ್ ಮಾಡಿಸಿ, ಮೊದಲ ಬೆಳಿಗ್ಗೆಯೇ ಮಕ್ಕಳನ್ನು ಬ್ರೂಗೆಲ್‌ನ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟುಬಿಡಿ.