ಅಮಗಾಮಿ ಎಸ್‌ಎಸ್: ರಿಹೊಕೊಗೆ ಮಾತ್ರ ಯಾಕೆ ಹೀಗೆ?

ಡಿಸೆಂಬರ್ ಬಂತು ಅಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು, ಅವರೆಕಾಳು ಹಿತಕುವುದು. ಇನ್ನೊಂದು, ನಾನು ‘ಅಮಗಾಮಿ ಎಸ್‌ಎಸ್’ ಅನ್ನುವ ಜಪಾನಿ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ, ಹಾಕಿಕೊಂಡು ಕೂರುವುದು. ಊಟ ಮುಗಿದ ಮೇಲೆ ನೆನೆಸಿದ ಕಾಳಿನ ಪಾತ್ರೆ ತೊಡೆಯ ಮೇಲೆ, ಮೊಬೈಲು ನೀರಿನ ಚೊಂಬಿಗೆ ಒರಗಿಸಿ. ದಿನಕ್ಕೆ ಒಂದೇ ಕಂತು, ಡೇಟಾ ಪ್ಯಾಕ್ ಅಷ್ಟೇ ತಡೆಯುವುದು. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ಹಿತಕಬೇಕಲ್ಲ, ಆಗಾಗ ಒಂದು ಕಾಳು ಹಾರಿ ಮಂಚದ ಕೆಳಗೆ ಸೇರುತ್ತದೆ. ಇದು ಆರನೇ ವರ್ಷ.

ಹಾರೆಮ್ ಅನಿಮೆ ಅಂದರೆ ಮೂಗು ಮುರಿಯುವವರ ಸಾಲಿನಲ್ಲಿ ನಾನೂ ಇದ್ದೆ. ಒಬ್ಬ ಪೆದ್ದು ಹುಡುಗ, ಸುತ್ತ ಐದಾರು ಹುಡುಗಿಯರು. ಇಡೀ ಸೀಸನ್ ಯಾರಿಗೂ ಏನೂ ಹೇಳದೆ ಎಳೆಯುತ್ತಾನೆ. ಕೊನೆಗೆ ಒಬ್ಬಳ ಕೈ ಹಿಡಿದರೆ ಉಳಿದವರು ಅಳಬೇಕು, ಹಿಡಿಯದಿದ್ದರೆ ನಾವು ಅಳಬೇಕು. ಮೂಲ ವಿಷುವಲ್ ನಾವೆಲ್ ಜಾತಿಯ, ಅಂದರೆ ನಾವು ಆರಿಸಿದ ಹಾಗೆ ಕಥೆ ಸಾಗುವ, ವಿಡಿಯೊ ಆಟವಾದರೆ ತೊಂದರೆ ಇನ್ನೂ ಜಾಸ್ತಿ. ಆಟದಲ್ಲಿ ಒಬ್ಬೊಬ್ಬಳಿಗೆ ಒಂದೊಂದು ದಾರಿ ಇರುತ್ತದೆ, ಟಿವಿಗೆ ತರುವಾಗ ಎಲ್ಲವನ್ನೂ ಕಲಸಿ ಚಿತ್ರಾನ್ನ ಮಾಡುತ್ತಾರೆ. ಅಮಗಾಮಿಯ ಮೂಲ ಆಟ ಮಾಡಿದ ಕಂಪನಿಯದೇ ಹಿಂದಿನ ಆಟ ‘ಕಿಮಿಕಿಸ್’ ಅನ್ನು 2007ರಲ್ಲಿ ಅನಿಮೆ ಮಾಡಿದಾಗ, ಹುಡುಗಿಯರು ಜಾಸ್ತಿಯಾದರು ಅಂತ ನಾಯಕನನ್ನೇ ಎರಡು ಹುಡುಗರನ್ನಾಗಿ ಒಡೆದಿದ್ದರು!

ಅಮಗಾಮಿಯಲ್ಲಿ ಆ ರಗಳೆಯೇ ಇಲ್ಲ. 2009ರ ಪ್ಲೇಸ್ಟೇಷನ್ 2 ಆಟ, 2010ರ ಅನಿಮೆ. ಒಬ್ಬೊಬ್ಬ ಹುಡುಗಿಗೆ ನಾಲ್ಕು ಕಂತು. ನಾಲ್ಕು ಮುಗಿದ ತಕ್ಷಣ ಎಲ್ಲಾ ಅಳಿಸಿ ಮೊದಲಿಂದ. ಎರಡು ವರ್ಷದ ಹಿಂದೆ ಕ್ರಿಸ್ಮಸ್ ಹಿಂದಿನ ರಾತ್ರಿ ಕಾದು ಕಾದು ಹುಡುಗಿ ಬಾರದೆ ಮನಸ್ಸು ಮುರಿದುಕೊಂಡ ನಾಯಕ ಜುನಿಚಿ, ಗೋಡೆ ಬೀರುವಿನೊಳಗೆ ಹೊಳೆಯುವ ನಕ್ಷತ್ರ ಅಂಟಿಸಿಕೊಂಡು ಕತ್ತಲಲ್ಲಿ ಕೂರುತ್ತಾನೆ. ಅಲ್ಲಿಂದ ಹೊರಗೆ ಬರುತ್ತಾನೆ. ಆರು ಸಲ, ಆರು ಬೇರೆ ಹುಡುಗಿಯರಿಗಾಗಿ.

ಪಕ್ಕದಲ್ಲಿ ಕೂತು ಕಾಳು ಹಿತಕುತ್ತಿದ್ದ ಅಮ್ಮನಿಗೆ ಇದು ಮೊದಲು ತಲೆಗೆ ಹೋಗಲಿಲ್ಲ. “ಅಲ್ಲ ಕಣೋ, ಹೋದ ವಾರ ಬೇರೆ ಹುಡುಗಿ ಜೊತೆ ಇದ್ನಲ್ಲ ಇವನು?” ಅಂದರು. ಅದು ಆ ಆಟ, ಇದು ಈ ಆಟ ಅಮ್ಮ, ಚೌಕಾಬಾರದಲ್ಲಿ ಕಾಯಿ ಮತ್ತೆ ಮೊದಲಿಂದ ಹೂಡಿದ ಹಾಗೆ ಅಂದೆ. “ಒಳ್ಳೇ ಅನುಕೂಲ ಬಿಡು ಅವನಿಗೆ.”

ಅಮ್ಮ ಹೇಳಿದ್ದು ತಮಾಷೆಗಾದರೂ, ವರ್ಷ ವರ್ಷ ನೋಡುವವನಿಗೆ ಅನುಕೂಲ ನಿಜಕ್ಕೂ ಇದೆ. ಅಯಾತ್ಸುಜಿ ತ್ಸುಕಾಸಾಳನ್ನೇ ನೋಡಿ. ಕ್ಲಾಸಿನ ಲೀಡರ್, ಎಲ್ಲರಿಗೂ ಅಚ್ಚುಮೆಚ್ಚು, ಸದಾ ನಗುಮುಖ. ಕೊನೆಯಲ್ಲಿ ಅವಳ ಸರದಿ ಬಂದಾಗ ಅವಳ ಡೈರಿ ಜುನಿಚಿಯ ಕೈಗೆ ಸಿಗುತ್ತದೆ. ಆಗ ಗೊತ್ತಾಗುತ್ತದೆ, ಆ ನಗು ಬರೀ ಮುಖವಾಡ ಅಂತ. ಮರುವರ್ಷ ಮೊದಲ ಕಂತಿನಿಂದ ನೋಡಿದೆ. ಮೊದಲ ಹುಡುಗಿ ಹರುಕಾಳ ಕಥೆಯ ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ತ್ಸುಕಾಸಾ ಅದೇ ನಗು ನಗುತ್ತಾ ನಿಂತಿದ್ದಾಳೆ. ಮೈ ಜುಮ್ಮೆಂದಿತು. ಈ ಸಲ ಅವಳ ಗುಟ್ಟು ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಹುಡುಗ ಬೇರೆ ಕಡೆ ನೋಡುತ್ತಿದ್ದಾನೆ. ಒಂದೇ ಸಲ ನೋಡಿ ಬಿಟ್ಟವರಿಗೆ ಇದು ಸಿಗುವುದಿಲ್ಲ.

ಚಿತ್ರ, ಸಂಗೀತ ಎಲ್ಲಾ ಚೆನ್ನಾಗಿದೆ. ಪ್ರತಿ ಹುಡುಗಿಗೂ ಅವಳದೇ ದನಿಯಲ್ಲಿ ಕೊನೆಯ ಹಾಡು ಬೇರೆ. ಮೊಣಕಾಲಿನ ಹಿಂಭಾಗಕ್ಕೆ ಮುತ್ತು ಕೊಡುವಂಥ ವಿಚಿತ್ರಗಳೂ ಇವೆ. ಅಂಥ ಹೊತ್ತಿಗೆ ಅಮ್ಮ ನೀರು ಕುಡಿಯಲು ಎದ್ದು ಹೋದರೆ ನನ್ನ ಪುಣ್ಯ.

ಸರಿ, ಈಗ ಸಿಟ್ಟಿನ ವಿಷಯ. ರಿಹೊಕೊ.

17ರಿಂದ 20ನೇ ಕಂತು ಅವಳದು. ಜುನಿಚಿಯ ಬಾಲ್ಯದ ಗೆಳತಿ, ಶಾಲೆಯ ಚಹಾ ಕ್ಲಬ್ಬಿನ ಹುಡುಗಿ. ನಾಳೆಯಿಂದ ಡಯಟ್ ಅನ್ನುತ್ತಲೇ ಸಿಹಿ ಬಾಯಿಗೆ ಹಾಕಿಕೊಳ್ಳುವವಳು. ಅಮ್ಮನಿಗೆ ಇಷ್ಟವಾದವಳು ಇವಳೊಬ್ಬಳೇ. “ತಿನ್ನೋ ಹುಡುಗಿ, ಕಳ್ಳತನ ಇಲ್ಲ.” ಚಿಕ್ಕಂದಿನಿಂದ ಅವನ ಮೇಲೆ ಮನಸ್ಸು, ಅವನಿಗೆ ಮಾತ್ರ ತಿಳಿಯದು. ಉಳಿದ ಐದು ಜನರಿಗೂ ನಾಲ್ಕನೇ ಕಂತಿನಲ್ಲಿ ಪ್ರೀತಿ ಸಿಗುತ್ತದೆ. ರಿಹೊಕೊಗೆ? ಅವಳು ಹೇಳುವುದಿಲ್ಲ, ಅವನು ಕೇಳುವುದಿಲ್ಲ. ಕಥೆ ಮುಗಿದಾಗಲೂ ಇಬ್ಬರೂ ಬರೀ ಸ್ನೇಹಿತರು.

ಮೊದಲ ಸಲ 20ನೇ ಕಂತು ಮುಗಿದಾಗ ಇನ್ನೂ ಇದೆ ಅಂತ ಕಾದು ಕೂತಿದ್ದೆ. ಹಾಡು ಮುಗಿಯಿತು, ಪರದೆ ಕಪ್ಪಾಯಿತು. ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ಯಾರಿಗೂ ಅನ್ಯಾಯ ಆಗಬಾರದು ಅಂತಲೇ ತಾನೇ ಈ ನಾಲ್ಕು ಕಂತಿನ ಏರ್ಪಾಡು ಮಾಡಿದ್ದು? ಎಲ್ಲರ ಎಲೆಗೂ ಹೋಳಿಗೆ ಬಡಿಸಿ ಇವಳ ಎಲೆ ದಾಟಿಹೋದ ಹಾಗಾಯಿತು. ಪಂಕ್ತಿಯಲ್ಲಿ ಹಾಗೆ ಮಾಡಿದರೆ ಎದ್ದು ಹೋಗುತ್ತಾರೆ, ಅಲ್ವಾ?

ನನ್ನ ತಂಗಿ ಒಪ್ಪುವುದಿಲ್ಲ. ಹೇಳಲಾಗದೆ ಉಳಿದ ಪ್ರೀತಿಯೇ ನಿಜಕ್ಕೆ ಹತ್ತಿರ, ಆರರಲ್ಲಿ ಅದೇ ಒಳ್ಳೆಯ ಕಥೆ ಅನ್ನುತ್ತಾಳೆ. ಇರಬಹುದು. ಆರು ವರ್ಷದಲ್ಲಿ ನನಗೂ ಒಂದೆರಡು ಸಲ ಹಾಗೇ ಅನ್ನಿಸಿದ್ದುಂಟು. ಆದರೆ ನಿಜ ಬೇಕಿದ್ದರೆ ನಾನು ಹಾರೆಮ್ ಅನಿಮೆ ಯಾಕೆ ನೋಡಲಿ?

2012ರಲ್ಲಿ ಬಂದ ‘ಎಸ್‌ಎಸ್ ಪ್ಲಸ್’ನಲ್ಲಿ ಒಬ್ಬೊಬ್ಬಳಿಗೆ ಇನ್ನೂ ಎರಡೆರಡು ಕಂತು ಇದೆ. ಉಳಿದವರದು ಸುಮ್ನೆ ಒಗ್ಗರಣೆ, ಬಿಟ್ಟರೂ ನಷ್ಟವಿಲ್ಲ. ರಿಹೊಕೊಳದು ಮಾತ್ರ ಸಾಲ ತೀರಿಸಿದ ಹಾಗೆ. ಕೊನೆಗೂ ಆ ಮಾತು ಬಾಯಿಗೆ ಬರುತ್ತದೆ. ಪ್ಲಸ್ ಇದೆ ಅಂತ ತಿಳಿಯದೆ ನಾನು ಒಂದು ವರ್ಷ ಮುನಿಸಿಕೊಂಡಿದ್ದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಥೆಗಳು ಬಿಡಿಬಿಡಿಯಾದ್ದರಿಂದ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಹೊಸಬರು 13ನೇ ಕಂತಿಗೆ ಶುರುವಾಗುವ ನಾನಾಸಾಕಿ ಆಯ್ ಅನ್ನುವ ಹುಡುಗಿಯ ಕಥೆಯಿಂದ ಹಿಡಿಯಿರಿ, ತ್ಸುಕಾಸಾಳನ್ನು ಕೊನೆಗೆ ಇಟ್ಟುಕೊಳ್ಳಿ. ರಿಹೊಕೊಳ ನಾಲ್ಕು ಕಂತು ಮುಗಿದ ರಾತ್ರಿಯೇ ಪ್ಲಸ್‌ನ ಎರಡನ್ನೂ ನೋಡಿಬಿಡಿ, ಡೇಟಾ ಮುಗಿದರೆ ಮುಗಿಯಲಿ. ಈ ವರ್ಷ ನಾವು ಹಾಗೇ ಮಾಡಿದೆವು. ಮೂರು ಪಾವು ಕಾಳು ಹಿತಕಿ ಆಯಿತು.