ಲೇಆಫ್ ಪತ್ರದ ಮೂರನೇ ಪುಟ ಓದದೆ ಸಹಿ ಹಾಕಬೇಡಿ

ಕೆನಡಾದ ಒಂಟಾರಿಯೋ ಪ್ರಾಂತ್ಯದ ಕಾಲೇಜುಗಳಲ್ಲಿ ಪಾಠ ಮಾಡುವ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ನಾನು ಮಾಡಿಕೊಂಡ ಎಡವಟ್ಟು ನಿಮಗೆ ಆಗದಿರಲಿ.

2024ರ ಜನವರಿಯಲ್ಲಿ ಕೆನಡಾ ಸರ್ಕಾರ ಹೊರದೇಶದ ವಿದ್ಯಾರ್ಥಿಗಳ ಪರ್ಮಿಟ್‌ಗೆ ಮಿತಿ ಹಾಕಿತು. ಇಲ್ಲಿನ ವಿದ್ಯಾರ್ಥಿಗಳ ಫೀಸನ್ನು ಪ್ರಾಂತ್ಯದವರು 2019ರಲ್ಲೇ ಶೇ. 10 ಇಳಿಸಿದ್ದರು. ಹಾಗಾಗಿ ಎಷ್ಟೋ ಕಾಲೇಜುಗಳು ಹೊರಗಿನವರ ಫೀಸಿನ ಮೇಲೇ ನಿಂತಿದ್ದವು. ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸೆಪ್ಟೆಂಬರ್‌ನಲ್ಲಿ ನನಗೂ ಪತ್ರ ಬಂತು. ಡಿಸೆಂಬರ್‌ಗೆ ಕೆಲಸ ಮುಗಿಯುತ್ತದೆ ಅಂತ. ಹನ್ನೊಂದು ವರ್ಷದ ಕೆಲಸ, ಹತ್ತು ನಿಮಿಷದ ವೀಡಿಯೋ ಕಾಲ್.

ಪತ್ರದ ಮೂರನೇ ಪುಟದಲ್ಲಿ ಎರಡು ಪುಟ್ಟ ಚೌಕ. ಒಂದರ ಎದುರು 'ಸೆವರೆನ್ಸ್ ಹಣ ಈಗಲೇ ಕೊಡಿ', ಇನ್ನೊಂದರ ಎದುರು 'ರೀಕಾಲ್ ಹಕ್ಕು ಉಳಿಸಿಕೊಳ್ಳುತ್ತೇನೆ'. ಸೆವರೆನ್ಸ್ ಅಂದರೆ ಕೆಲಸ ಹೋದಾಗ ಕೊಡುವ ಪರಿಹಾರದ ಹಣ, ರೀಕಾಲ್ ಅಂದರೆ ಜಾಗ ಖಾಲಿಯಾದಾಗ ಕೆಲಸಕ್ಕೆ ವಾಪಸ್ ಕರೆಯುವುದು. ಮನೆ ಸಾಲದ ಕಂತು ತಲೆಯಲ್ಲಿ ಕೂತಿತ್ತು. ಮೊದಲನೆಯದಕ್ಕೆ ಟಿಕ್ ಹಾಕಿ ಅವತ್ತು ರಾತ್ರಿಯೇ ಕಳಿಸಿಬಿಟ್ಟೆ. ಹಣ ಹೇಗೂ ನನಗೆ ಬರಬೇಕಾದದ್ದು, ಬಾಕಿ ಸಂಬಳ ಇದ್ದ ಹಾಗೆ ಅಂದುಕೊಂಡಿದ್ದೆ.

ಅದು ಹಾಗಲ್ಲ. ಒಂಟಾರಿಯೋದ ಉದ್ಯೋಗ ಮಾನದಂಡ ಕಾಯ್ದೆ ಪ್ರಕಾರ, ರೀಕಾಲ್ ಹಕ್ಕು ಇರುವವರು ಹಣವನ್ನು ತಕ್ಷಣ ಕೇಳಿ ಪಡೆದರೆ ಆ ಹಕ್ಕನ್ನು ಬಿಟ್ಟುಕೊಟ್ಟಂತೆ. ಮುಂದೆ ಜಾಗ ಖಾಲಿಯಾದರೂ ನಿಮ್ಮನ್ನು ಕರೆಯಬೇಕಾಗಿಲ್ಲ. ಹಕ್ಕು ಉಳಿಸಿಕೊಂಡರೆ ಹಣ ಕಳೆದುಹೋಗುವುದೂ ಇಲ್ಲ. ಅದನ್ನು ಟ್ರಸ್ಟ್‌ನಲ್ಲಿ ಇಡುತ್ತಾರೆ. ವಾಪಸ್ ಕರೆದು ನೀವು ಹೋದರೆ ಅದು ಕಾಲೇಜಿಗೆ ಹಿಂತಿರುಗುತ್ತದೆ. ಕರೆಯದೆ ಅವಧಿ ಮುಗಿದರೆ ನಿಮ್ಮ ಕೈಗೆ ಬರುತ್ತದೆ. ಇನ್ನೂ ಹೊಟ್ಟೆ ಉರಿಸುವ ವಿಷಯ ಹೇಳಲಾ? ಯಾವ ಚೌಕವನ್ನೂ ಮುಟ್ಟದೆ ಸುಮ್ನೆ ಕೂತಿದ್ದರೂ ಕಾಯ್ದೆ ನನ್ನ ಹಕ್ಕು ಕಾಪಾಡುತ್ತಿತ್ತು. ನಾನು ಆತುರ ಪಟ್ಟು ಕೆಡಿಸಿಕೊಂಡೆ.

ಬಂದ ಹಣವಾದರೂ ಎಷ್ಟು? ಕಾಯ್ದೆಯ ಸೆವರೆನ್ಸ್ ಅಂದರೆ ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಒಂದು ವಾರದ ಸಂಬಳ, ಹೆಚ್ಚೆಂದರೆ 26 ವಾರ. ಯೂನಿಯನ್ ಒಪ್ಪಂದದಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು, ನಿಮ್ಮದನ್ನು ತೆಗೆದು ಓದಿ. ಒಟ್ಟಿಗೆ 15,000 ಡಾಲರ್ ದಾಟಿದರೆ ಕೊಡುವಾಗಲೇ ಶೇ. 30 ತೆರಿಗೆ ಹಿಡಿಯುತ್ತಾರೆ. ನನಗೆ ಡಿಸೆಂಬರ್‌ನಲ್ಲೇ ಕೊಟ್ಟರು. ಪೂರ್ತಿ ವರ್ಷದ ಸಂಬಳದ ಮೇಲೆ ಇದೂ ಸೇರಿ ತೆರಿಗೆ ಇನ್ನಷ್ಟು ಬಿತ್ತು. ಜನವರಿಯಲ್ಲಿ ಕೊಡಿ ಅಂತ ಕೇಳಬಹುದಿತ್ತು, ಹೊಳೆಯಲೇ ಇಲ್ಲ. ಇಐಗೆ, ಅಂದರೆ ಕೆಲಸ ಹೋದವರಿಗೆ ಸರ್ಕಾರ ಕೊಡುವ ಭತ್ಯೆಗೆ, ಅರ್ಜಿ ಹಾಕಿದರೆ ಸೆವರೆನ್ಸನ್ನು ಆದಾಯ ಅಂತ ಲೆಕ್ಕ ಹಿಡಿದು ಅಷ್ಟು ವಾರ ಮುಂದೆ ತಳ್ಳಿದರು.

ಐಟಿಯಲ್ಲಿರುವ ಗೆಳೆಯನೊಬ್ಬ "ಕೋರ್ಟಿಗೆ ಹೋಗು, ವರ್ಷಕ್ಕೆ ಒಂದು ತಿಂಗಳು ಸಿಗುತ್ತೆ" ಅಂದ. ವಕೀಲರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, ಯೂನಿಯನ್ ಇದೆಯಾ? ಇದೆ ಅಂದೆ. ಹಾಗಾದರೆ ನನ್ನಿಂದ ಏನೂ ಆಗಲ್ಲ ಅಂದರು. ಒಪ್ಪಂದದಿಂದ ಹುಟ್ಟುವ ಜಗಳ ಆರ್ಬಿಟ್ರೇಷನ್‌ಗೇ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ) ಹೋಗಬೇಕು ಅಂತ ಕೆನಡಾದ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆಯಂತೆ. ಅದಕ್ಕೆ ಮೊದಲು ಗ್ರೀವೆನ್ಸ್ (ಯೂನಿಯನ್ ಮೂಲಕ ದೂರು) ಹಾಕಬೇಕು, ಅದಕ್ಕೂ ಗಡುವಿದೆ. ನಾನು ಯೂನಿಯನ್ ಪ್ರತಿನಿಧಿಯಾದ ಸ್ಟೂವರ್ಡ್‌ಗೆ ಫೋನ್ ಮಾಡುವಷ್ಟರಲ್ಲಿ ಅದು ದಾಟಿತ್ತು. ಸೀನಿಯಾರಿಟಿ ಪಟ್ಟಿಯಲ್ಲಿ ನನ್ನ ಸೇರಿದ ದಿನಾಂಕ ತಪ್ಪಾಗಿತ್ತು ಅಂತ ಗೊತ್ತಾದದ್ದೂ ಆಗಲೇ. ಸರಿಯಿದ್ದಿದ್ದರೆ ನನಗಿಂತ ಕಿರಿಯರ ಜಾಗಕ್ಕೆ ಹೋಗಲು ಕೇಳಬಹುದಿತ್ತು.

ಪತ್ರ ಬಂದಿದ್ದರೆ ಮೊದಲು ಸ್ಟೂವರ್ಡ್‌ಗೆ ಫೋನ್ ಮಾಡಿ. ಗಡುವಿನ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ಎಚ್‌ಆರ್‌ನವರು ಮೃದುವಾಗಿ ಮಾತಾಡಿದರು ಅಂತ ಅವತ್ತೇ ಏನನ್ನೂ ಕಳಿಸಬೇಡಿ.

ಮರುವರ್ಷ ನನ್ನ ವಿಷಯದ ಎರಡು ಸೆಕ್ಷನ್ ಮತ್ತೆ ಶುರುವಾದವು. ನನಗಿಂತ ನಾಲ್ಕು ವರ್ಷ ಕಿರಿಯಳಾದ ಸಹೋದ್ಯೋಗಿಯನ್ನು ಕರೆದರು. ಅವಳು ಎರಡನೇ ಚೌಕಕ್ಕೆ ಟಿಕ್ ಹಾಕಿದ್ದಳು. ಹಳೇ ಸ್ಲೈಡ್‌ಗಳಿವೆಯಾ ಅಂತ ಮುಜುಗರದಿಂದಲೇ ಕೇಳಿದಳು. ಪಾಪ, ಅವಳದೇನು ತಪ್ಪು, ಕಳಿಸಿಕೊಟ್ಟೆ.