ಮಾಲ್ಡೀವ್ಸ್‌ನಲ್ಲಿ ಯೂತ್ ಗ್ರೂಪ್ ಯಾವ ಪರಿಸರ ಕೆಲಸ ಹಿಡ್ಕೊಬೇಕು: ಬೀಚ್, ಹವಳ, ಕಾಂಡ್ಲಾ (ಮ್ಯಾಂಗ್ರೋವ್)?

ಖರ್ಚು ನೋಡಿದ್ರೆ ಬೀಚ್ ಕ್ಲೀನಿಂಗೇ ಸಲೀಸು, ಗ್ಲೌಸು ಚೀಲ ಇದ್ರೆ ಆಯ್ತು, ಸ್ಕೂಲ್ ಮಕ್ಳೂ ಬರ್ಬೋದು. ಆದ್ರೆ ಅಲೆ ಜೊತೆ ಪ್ಲಾಸ್ಟಿಕ್ ಮತ್ತೆ ಬರತ್ತೆ, ಆರಿಸಿದ್ದನ್ನ ದ್ವೀಪದಿಂದ ಸಾಗ್ಸೋಕೆ ದೋಣಿ ಬೇಕು, ದ್ವೀಪದ ಕೌನ್ಸಿಲ್ ಹತ್ರ ಮೊದ್ಲೇ ಮಾತಾಡ್ಕೊಳ್ಳಿ ಇಲ್ಲಾಂದ್ರೆ ಅಲ್ಲೇ ಸುಟ್ಬಿಡ್ತಾರೆ. ರಾಜಧಾನಿ ಮಾಲೆಲಿದ್ದು ವಾರಕ್ಕೊಂದಿನ ಬಿಡುವು ಸಿಗೋರಿಗೆ ಇದೇ ಸರಿ.

ಹವಳಕ್ಕೆ ಡೈವಿಂಗ್ ಬರ್ಬೇಕು, ಕಬ್ಬಿಣದ ಫ್ರೇಮಿಗೆ ಹವಳದ ತುಂಡು ಕಟ್ಟಿ ವರ್ಷಗಟ್ಲೆ ಪಾಚಿ ತೆಗೀತಾ ನೋಡ್ಕೊಬೇಕು. 1998ರಲ್ಲಿ, 2016ರಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿ ಸತ್ತಿತ್ತು, ಮತ್ತೆ ಹಾಗಾದ್ರೆ ಅಷ್ಟೂ ಶ್ರಮ ನೀರುಪಾಲು. ಡೈವ್ ಸೆಂಟರ್ ಜೊತೆಗಿದ್ರೆ ಮಾತ್ರ ಕೈ ಹಾಕಿ.

ಕಾಂಡ್ಲಾ ಕಾಡಿನ ಕಥೆ ಬೇರೆ. ಉತ್ತರದ ಕುಲ್ಹುದುಫುಶಿ ದ್ವೀಪದಲ್ಲಿ ಏರ್‌ಪೋರ್ಟ್‌ಗೆ ಅಂತ ಕಾಂಡ್ಲಾ ಬೆಳೆದಿದ್ದ ಜೌಗು ತುಂಬ್ಸಿದ್ರು, ಹಗ್ಗ ಹೊಸೆಯೋಕೆ ಅಲ್ಲೇ ತೆಂಗಿನ ಸಿಪ್ಪೆ ನೆನೆಹಾಕ್ತಿದ್ದ ಹೆಂಗಸರ ದುಡಿಮೆಗೂ ಪೆಟ್ಟು ಬಿತ್ತು, ನಂಗೆ ಇದು ತುಂಬಾ ಸಂಕಟ ಕೊಟ್ಟ ವಿಷಯ. ಇಲ್ಲಿ ದುಡ್ಡಿಗಿಂತ ತಾಳ್ಮೆ ಬೇಕು, ಪರಿಸರ ವರದಿ ಓದಿ ಆಕ್ಷೇಪಣೆ ಬರೀಬೇಕು, ಏರ್‌ಪೋರ್ಟ್ ಬೇಕು ಅನ್ನೋ ಊರೋರನ್ನೇ ಎದುರಿಸ್ಬೇಕಾಗ್ಬೋದು. ನಿಮ್ಮ ದ್ವೀಪದಲ್ಲೂ ಜೌಗು ಇದ್ದು, ತುಂಬ್ಸೋ ಮಾತು ಶುರುವಾಗಿದ್ರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದ್ಲು ಇದನ್ನ ಹಿಡೀರಿ.